ಕಾರಣ ಬರೆಯದ ಮೈನಸ್

ಎಲ್ಲಿಂದ ಶುರು ಮಾಡಲಿ ಎಂದು ನನಗಿನ್ನೂ ಗೊತ್ತಾಗಿಲ್ಲ. ಬಂದರಿನ ಒಣಮೀನಿನ ವಾಸನೆಯಿಂದ ಆರಂಭವಾಗಿದ್ದ ಮೊದಲ ಕರಡನ್ನು ಹರಿದುಹಾಕಿದೆ. (ಬಂದರಿಗೆ ಹೋದರೆ ನಾವು ಲೇಖಕರೆಲ್ಲ ಮೂಗಿನಿಂದಲೇ ಬರೆಯುತ್ತೇವೆ.) ಎಸ್ತೆರಳ ಬೆರಳಿನಿಂದ ಶುರು ಮಾಡಿ ನೋಡೋಣ.

೧. ಎಸ್ತೆರ್ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ಊಟದ ಬಿಡುವಿನಲ್ಲಿ ಕನ್ನಡದ ಒಂದು ಪ್ರಶ್ನೋತ್ತರ ತಾಣ ಓದುತ್ತಾಳೆ. ಅಲ್ಲಿ ಯಾರೋ ಕೇಳಿದ್ದರು: ಪ್ರೆಶರ್ ಇದ್ದವರು ಒಣಮೀನು ತಿನ್ನಬಹುದೇ? ಬಂದರಿನ ಒಣಮೀನು ವ್ಯಾಪಾರಿ ಎಂದು ಪರಿಚಯ ಹಾಕಿಕೊಂಡಿದ್ದ ಉಮರಬ್ಬ ಉತ್ತರಿಸಿದ್ದರು: ನೀರಲ್ಲಿ ನೆನೆಸಿಡಿ, ಉಪ್ಪೆಲ್ಲ ಹೋಗುತ್ತದೆ, ಧೈರ್ಯವಾಗಿ ತಿನ್ನಿ.

ಎಸ್ತೆರ್ ಮೈನಸ್ ಒತ್ತಿದಳು. ತಪ್ಪು ಉತ್ತರಕ್ಕೆ ಮೈನಸ್ ಒತ್ತಿ ಎನ್ನುವುದು ತಾಣದ ನಿಯಮ. ಸಾಧ್ಯವಾದರೆ ಕಾರಣ ಬರೆಯಿರಿ ಎಂದೂ ಅದರಲ್ಲಿದೆ. ಹೊರಗೆ ಪೇಷೆಂಟ್ ಕಾಯುತ್ತಿದ್ದರು, ಅವಳಿಗೆ ಸಾಧ್ಯವಾಗಲಿಲ್ಲ. ಅವಳ ಹಿಂದೆ ಇನ್ನೂ ಆರು ಮಂದಿ ಒತ್ತಿದರು. ಯಾರೂ ಏನೂ ಬರೆಯಲಿಲ್ಲ.

೨. ಮೂರು ವಾರದ ಮೇಲೆ ಆ ಉತ್ತರದ ಕೆಳಗೆ ಉಮರಬ್ಬ ಒಂದು ಸಾಲು ಸೇರಿಸಿದ್ದು ಅವಳಿಗೆ ಕಂಡಿತು: ‘ಎಂತ ತಪ್ಪಾಯಿತು ಹೇಳಿ. ಅಲ್ಲ, ನನ್ನ ಹೆಸರು ನೋಡಿ ಒತ್ತಿದ್ದೋ?’

(ಇಲ್ಲಿ ಅವಳು ಆನ್‌ಲೈನಿನಲ್ಲೇ ಕ್ಷಮೆ ಕೇಳಿದಳು ಎಂದು ನಾನು ಬರೆದಿದ್ದೆ. “ಆಗುವುದಿಲ್ಲ, ಮುಖ ನೋಡಿ ಹೇಳ್ತೇನೆ” ಎಂದು ಅವಳೇ ನನ್ನನ್ನು ತಡೆದಳು. ನನ್ನ ಕರಡಿಗಿಂತ ಅವಳಿಗೆ ಮರ್ಯಾದೆ ಹೆಚ್ಚು ಗೊತ್ತು.)

ಅದೇ ಮಧ್ಯಾಹ್ನ ರಜೆ ಹಾಕಿ ಅವರ ಅಂಗಡಿಗೆ ಹೋದಳು.

“ಮೊದಲ ಮೈನಸ್ ನಾನು ಹಾಕಿದ್ದು ಸಾಹೇಬ್ರೇ. ಹೆಸರು ನೋಡಿ ಅಲ್ಲ. ಎಷ್ಟು ನೆನೆಸಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ.”

ಉಮರಬ್ಬ ತಕ್ಕಡಿಯಿಂದ ಕೈ ತೆಗೆದರು. “ಇದನ್ನು ಅಲ್ಲೇ ಬರೀಬಹುದಿತ್ತಲ್ಲ ಮೇಡಂ. ನನ್ನ ಹೆಂಡತಿ ಐಸಮ್ಮನಿಗೆ ಪ್ರೆಶರ್ ಉಂಟು. ಅವಳಿಗೆ ಹಾಗೇ ಮಾಡಿ ಕೊಡ್ತಾ ಇದ್ದೇನೆ. ಈ ಮೂರು ವಾರವೂ.”

“ನಾಳೆಯೇ ಅವರನ್ನು ಆಸ್ಪತ್ರೆಗೆ ಕರ್ಕೊಂಡು ಬನ್ನಿ” ಎಂದಳು ಎಸ್ತೆರ್.

೩. ನನ್ನ ಬಳಿ ಎರಡು ಮುಕ್ತಾಯಗಳಿದ್ದವು. ಮೊದಲನೆಯದರಲ್ಲಿ ಐಸಮ್ಮನಿಗೆ ಏನೂ ಆಗಿಲ್ಲ. ಎರಡನೆಯದನ್ನು ಶುರು ಮಾಡುವಷ್ಟರಲ್ಲಿ ಉಮರಬ್ಬ ತಡೆದರು. “ನನ್ನ ಹೆಂಡತಿಯನ್ನು ಹೀಗೊಮ್ಮೆ ಹಾಗೊಮ್ಮೆ ಬರೀಬೇಡಿ ಮಾರಾಯ್ರೆ.”

ಎರಡನ್ನೂ ಅಳಿಸಿದೆ.

ಮರುದಿನ ಆಸ್ಪತ್ರೆಯಲ್ಲಿ ಐಸಮ್ಮ ಡಾಕ್ಟರ ಕೋಣೆಯೊಳಗೆ ಹೋಗಿದ್ದಾರೆ. ಹೊರಗೆ ಬೆಂಚಿನ ಮೇಲೆ ಉಮರಬ್ಬ ಮೊಬೈಲ್ ತೆಗೆದು, ತಮ್ಮ ಉತ್ತರದ ತಲೆಯ ಮೇಲೆ ಒಂದೊಂದೇ ಅಕ್ಷರ ಒತ್ತುತ್ತಿದ್ದಾರೆ: ‘ಇದು ತಪ್ಪು. ಯಾಕೆಂದರೆ’

“ನನ್ನ ಮೈನಸ್ ತೆಗೀಲಾ?” ಎಸ್ತೆರ್ ಕೇಳಿದಳು.

“ಬೇಡ, ಅದು ಸರಿಯೇ ಉಂಟು. ಮುಂದಿನದ್ದು ನೀವು ಹೇಳಿ, ನಾನು ಬರೀತೇನೆ.”

ಅವಳು ಪಕ್ಕದಲ್ಲಿ ಕುಳಿತು ಹೇಳತೊಡಗಿದಳು. ಒಳಗಿನಿಂದ ಇನ್ನೂ ಯಾರೂ ಬಂದಿಲ್ಲ. ನಾನು ಬಾಗಿಲು ತಟ್ಟುವುದಿಲ್ಲ.