ನನ್ನ ಬಿಳಿ ಬಚ್ಚಲುಮನೆ

ಗ್ರಿಫಿತ್ ಊರಿನ ಅರ್ಧ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿದವನು ನನ್ನ ಗಂಡ ರೆನ್ಸೊ. ನಮ್ಮ ಮನೆಯ ಬಚ್ಚಲು ನೋಡಿದವರು ಮಾತ್ರ ಇದನ್ನು ನಂಬುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಇವನನ್ನು ನೋಡಿಯೇ ಹುಟ್ಟಿರಬೇಕು. ಮೂವತ್ತೆಂಟು ವರ್ಷಗಳ ಹಿಂದೆ, "ಈ ಬೇಸಿಗೆ ಮುಗೀಲಿ ಒರ್ನೆಲ್ಲಾ, ಪೂರಾ ಬಿಳಿ ಹಾಕ್ಕೊಡ್ತೀನಿ" ಎಂದು ಮಾತು ಕೊಟ್ಟ. ಅಲ್ಲಿಯವರೆಗೆ ಇರಲಿ ಎಂದು ಊರವರ ಮನೆಗಳಲ್ಲಿ ಮಿಕ್ಕ ಟೈಲ್ಸ್ ತಂದು ನಮ್ಮ ಗೋಡೆಗೆ ಮೆತ್ತಿದ. ರೊಸ್ಸೆಟ್ಟೊ ಅಡಿಗೆಮನೆಯ ಗುಲಾಬಿ, ಪಾಚಿ ಹಸಿರು, ಫಾವ್ರೊ ಅಜ್ಜಿ ಮನೆಯ ಹಳದಿ ಹೂವು, ಶಾಲೆಯ ಶೌಚಾಲಯದ ನೀಲಿ. ಸ್ನಾನಕ್ಕೆ ನಿಂತರೆ ಊರೆಲ್ಲ ಸೇರಿ ನನ್ನನ್ನೇ ನೋಡುತ್ತಿದೆಯೇನೋ ಅನ್ನಿಸುತ್ತಿತ್ತು.

ಹೋದ ವರ್ಷ, ಇವನ ಕಣ್ಣಿನ ನಡುಭಾಗ ಸವೆಯುತ್ತಿದೆ ಎಂದು ಡಾಕ್ಟರು ಹೇಳಿದರು. "ಪೇಪರ್ ಓದಕ್ಕೆ ಸ್ವಲ್ಪ ಕಷ್ಟ, ಅಷ್ಟೇ" ಎಂದ ಇವನು. ಮನೆಗೆ ಬರುವ ದಾರಿಯಲ್ಲಿ ಕಾರು ಓಡಿಸುತ್ತಿದ್ದ ನನಗೆ ಇನ್ನೊಂದು ಮಾತು ಹೇಳಿದ: "ಯಾರದೋ ಕೈ ಹಿಡ್ಕೊಂಡು ಬಚ್ಚಲಿಗೆ ಹೋಗೋನು ನಾನಲ್ಲ, ತಿಳ್ಕೋ." ಆಮೇಲೆ ಕರಣೆ ಕೆಳಗಿಟ್ಟು ಕೆಲಸ ಬಿಟ್ಟ. ಇಪ್ಪತ್ತು ವರ್ಷ ಇವನ ಜೊತೆ ದುಡಿದ ಟ್ರೆಂಟ್‌ಗೆ ಗಿರಾಕಿಗಳನ್ನೆಲ್ಲ ಬಿಟ್ಟುಕೊಟ್ಟ. ನಮ್ಮ ಬಚ್ಚಲನ್ನು ಒಡೆದು ಹೊಸದು ಮಾಡುವ ಕೆಲಸವೂ ಟ್ರೆಂಟ್‌ನದೇ ಎಂದಾಯಿತು. ಅಂತೂ ನನ್ನ ಬಿಳಿ ಬಚ್ಚಲಿಗೆ ಕಾಲ ಕೂಡಿಬಂತು!

ಅಂಗಡಿಯಲ್ಲಿ ನಾನು ಆರಿಸಿದ್ದೆಲ್ಲ ಬಿಳಿ. ಬಿಳಿ ಬೇಸಿನ್, ಬಿಳಿ ಕಮೋಡ್, ನಲ್ಲಿಯೂ ಬಿಳಿ. ಏನು ತೋರಿಸಿದರೂ ರೆನ್ಸೊ "ಚೆನ್ನಾಗಿದೆ ಕಣೇ" ಎಂದ. ಟೈಲ್ಸ್ ಸಂದಿಗೆ ತುಂಬುವ ಸಿಮೆಂಟಿನ ಬಣ್ಣಕ್ಕೇ ಅರ್ಧ ಗಂಟೆ ವಾದ ಮಾಡುವ ಮನುಷ್ಯ ಇವನು! ಟೋಪಿ ತೆಗೆದು ಬೇಸಿನ್ನಿನ ಅಂಚಿಗೆ ಇಡಲು ಹೋದ, ಅದು ನೆಲಕ್ಕೆ ಬಿತ್ತು.

"ಒಂದು ಟೋಪಿ ನೆಟ್ಟಗೆ ಇಡಕ್ಕೆ ಬರಲ್ವಾ ನಿಂಗೆ?" ಎಂದೆ.

"ಜಾರ್ತು ಮಾರಾಯ್ತಿ."

ನಂಬಿದೆ. ನನ್ನ ಬುದ್ಧಿಗಿಷ್ಟು!

ಒಡೆಯುವ ದಿನ ಬೆಳಿಗ್ಗೆ ಕಾಫಿ ಆಯಿತೆಂದು ಇವನನ್ನು ಕರೆಯಲು ಹೋದೆ. ಬಚ್ಚಲುಮನೆಯಲ್ಲಿ ಗೋಡೆಯ ಮೇಲೆ ಕೈಯಾಡಿಸುತ್ತ ಒಬ್ಬನೇ ಗೊಣಗುತ್ತಿದ್ದ. "ರೊಸ್ಸೆಟ್ಟೊ ಅಡಿಗೆಮನೆ... ಶಾಲೆ ನೀಲಿ, ಇಲ್ಲಿ ಕಮೋಡು... ಇನ್ನೆರಡು ಹೆಜ್ಜೆ... ಫಾವ್ರೊ ಅಜ್ಜಿ ಹೂವು." ಕೈ ಚಾಚಿದ. ನಲ್ಲಿ ಸಿಕ್ಕಿತು. ನಾನು ಬಿಳಿ ಬಾಗಿಲಿಗೆ ಒರಗಿ, ಬಿಳಿ ಏಪ್ರನ್ನಿನಲ್ಲಿ, ಮೂರೇ ಅಡಿ ದೂರದಲ್ಲಿ ನಿಂತಿದ್ದೆ. ಇವನು ನನ್ನ ಕಡೆಗೇ ತಿರುಗಿದ, ಆದರೂ ನಾನು ಇವನಿಗೆ ಕಾಣಲಿಲ್ಲ.

"ಯಾವಾಗಿಂದ ಹೀಗೆ?"

"ಅಯ್ಯೋ! ದೆವ್ವದ ಥರ ನಿಂತಿದೀಯಲ್ಲೇ!"

"ಯಾವಾಗಿಂದ ಅಂದೆ."

"ಬಣ್ಣ ಇದ್ರೆ ಗೊತ್ತಾಗತ್ತೆ, ಕೈಗೂ ಗುರುತು ಸಿಗತ್ತೆ. ಬಿಳಿ ಮೇಲೆ ಬಿಳಿ ಇದ್ರೆ ಏನೂ ಕಾಣಲ್ಲ."

"ಮತ್ತೆ ಅಂಗಡೀಲಿ ಎಲ್ಲದಕ್ಕೂ ಚೆನ್ನಾಗಿದೆ ಚೆನ್ನಾಗಿದೆ ಅಂದ್ಯಲ್ಲೋ!"

"ಮೂವತ್ತೆಂಟು ವರ್ಷ ಕಾದಿದೀಯ. ನಾನು ಹೇಗೋ ಕಲ್ತ್ಕೋತೀನಿ ಬಿಡು."

"ಏನು ಕಲಿಯೋದು? ಬಿದ್ದು ಸೊಂಟ ಮುರ್ಕೊಳ್ಳೋದನ್ನಾ?" ಎಂದು ಕೂಗಾಡಿದೆ. ಕೂಗುತ್ತಲೇ ಅತ್ತೆ. ಇಷ್ಟು ಪ್ರೀತಿಯನ್ನು ಹೀಗೆ ಬಾಯಿಮುಚ್ಚಿಕೊಂಡು ಮಾಡಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ!

ಅಷ್ಟರಲ್ಲಿ ಟ್ರೆಂಟ್ ಸುತ್ತಿಗೆ ಹಿಡಿದು ಬಂದ. "ಶುರು ಮಾಡ್ಲಾ ಬಾಸ್?"

"ಏನೂ ಬೇಡ, ಮನೆಗೆ ಹೋಗು" ಎಂದೆ.

"ಅವಳ ಮಾತು ಕೇಳ್ಬೇಡ್ವೋ" ಎಂದ ರೆನ್ಸೊ. "ಬಿಳಿ ಆಗ್ಲೇಬೇಕು. ಇಲ್ದಿದ್ರೆ ನಾನು ಈ ಮನೇಲಿ ಸ್ನಾನಾನೇ ಮಾಡಲ್ಲ."

"ಮಾಡ್ಬೇಡ. ನಿನ್ ಪಕ್ಕ ಮಲಗೋರು ಯಾರು ಅಂತ ನೋಡ್ತೀನಿ!"

ಟ್ರೆಂಟ್ ಪಾಪ, ಚಾವಣಿ ನೋಡುತ್ತ ನಿಂತ. ನಾನು ಮೂಗು ಒರೆಸಿಕೊಂಡು ಗೋಡೆಯನ್ನೇ ನೋಡಿದೆ. ಆಮೇಲೆ ಟ್ರೆಂಟ್‌ನನ್ನು ಕೇಳಿದೆ: "ಗೋಡೆ ಬಿಳಿ ಇರ್ಲಿ. ಈ ಹಳೇ ಟೈಲ್ಸನ್ನೆಲ್ಲ ಬಾಗಿಲಿಂದ ನಲ್ಲಿವರೆಗೆ, ಇವನ ಕೈ ಎತ್ತರಕ್ಕೆ, ಒಂದೇ ಸಾಲಾಗಿ ಕೂರಿಸಕ್ಕಾಗತ್ತಾ?"

ರೆನ್ಸೊ ಕೆಮ್ಮಿದ.

"ಒಡೀದೇ ಬಂದ್ರೆ ತಾನೇ" ಎಂದು ಟ್ರೆಂಟ್ ನಲ್ಲಿಯ ಪಕ್ಕದ ಹಳದಿ ಹೂವಿಗೆ ಉಳಿ ಹಾಕಿದ. ಅದು ಮೂರು ಚೂರಾಯಿತು.

"ಕೊಡೋ ಇಲ್ಲಿ, ದಂಡಪಿಂಡ!" ರೆನ್ಸೊ ಉಳಿ ಕಿತ್ತುಕೊಂಡ. ಬೆರಳಿನಿಂದ ತಟ್ಟುತ್ತ, ಟೊಳ್ಳು ಸದ್ದು ಬಂದ ಕಡೆ ಉಳಿ ತೂರಿಸುತ್ತ, ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಟೈಲ್ಸನ್ನು ಅಂಚೂ ಮುಕ್ಕಾಗದಂತೆ ಬಿಡಿಸಿಟ್ಟ. ಕರಣೆ ಕೆಳಗಿಟ್ಟ ಮೇಲೆ ಇವನು ಶಿಳ್ಳೆ ಹಾಕಿದ್ದು ಅವತ್ತೇ.

ನಾನು ಅಂಗಡಿಗೆ ಹೋಗಿ ಕಮೋಡಿಗೆ ಕಡುನೀಲಿ ಸೀಟು, ಬಿಳಿ ನಲ್ಲಿಗೆ ಬದಲು ಕಪ್ಪು ನಲ್ಲಿ ತಂದೆ.

"ಪಬ್ಬಿನ ಟಾಯ್ಲೆಟ್ ಥರ ಕಾಣತ್ತೆ" ಎಂದ ಟ್ರೆಂಟ್.

"ನಿನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರತ್ತಪ್ಪ" ಎಂದೆ.

ಸಾಲಿನ ಕೊನೆಯಲ್ಲಿ, ನಲ್ಲಿಯ ಪಕ್ಕ, ಅಜ್ಜಿಯ ಹೂವಿನ ಜಾಗ ಮಾತ್ರ ಖಾಲಿ ಉಳಿಯಿತು. ಒಂದು ದಿನ ಟ್ರೆಂಟ್ ಊಟಕ್ಕೆ ಹೋದಾಗ, ನಮ್ಮ ಅಡಿಗೆಮನೆಯ ನೆಲಕ್ಕೆ ಹಾಕಿ ಮಿಕ್ಕಿದ್ದ ಒಂದು ಇಟ್ಟಿಗೆ ಬಣ್ಣದ ಟೈಲನ್ನು ಶೆಡ್ಡಿನಿಂದ ತಂದೆ. ಅದರ ಹಿಂಬದಿಗೆಲ್ಲ ಗಾರೆ ಬಳಿದು ಆ ಖಾಲಿ ಜಾಗಕ್ಕೆ ಒತ್ತಿದೆ. ಗಾರೆ ಮೊಣಕೈವರೆಗೂ ಆಯಿತು. ಮೂವತ್ತೆಂಟು ವರ್ಷ ಟೈಲ್ಸಿನವನ ಹೆಂಡತಿಯಾಗಿದ್ದೂ ನಾನು ಕೂರಿಸಿದ್ದು ಅದೊಂದೇ.

ಕೆಲಸ ಮುಗಿದ ದಿನ ರೆನ್ಸೊ ಒಬ್ಬನೇ ಒಳಗೆ ಹೋದ. ನಾನೂ ಟ್ರೆಂಟೂ ಬಾಗಿಲ ಹೊರಗೆ ನಿಂತು ನೋಡಿದೆವು. ಸಾಲಿನ ಮೇಲೆ ಕೈ ಸರಿಯಿತು. ರೊಸ್ಸೆಟ್ಟೊ, ಶಾಲೆ, ಕಮೋಡು. ಎಲ್ಲೂ ತಡವರಿಸಲಿಲ್ಲ. ಕೊನೆಯದರ ಮೇಲೆ ಬೆರಳು ನಿಂತಿತು. ನಾಲ್ಕೂ ಅಂಚು ಸವರಿ ನೋಡಿದ.

"ಇದ್ಯಾವ್ದೋ ಇದು? ಅರ್ಧ ಬೆರಳು ವಾರೆ! ಟ್ರೆಂಟ್, ಇಪ್ಪತ್ತು ವರ್ಷ ನಾನು ಕಲಿಸಿದ್ದು ಇದನ್ನೇನೋ?"

ಟ್ರೆಂಟ್ ನನ್ನ ಮುಖ ನೋಡಿದ.

"ಅದು ನಮ್ಮ ಅಡಿಗೆಮನೇದು. ನಾನೇ ಕೂರಿಸಿದ್ದು" ಎಂದೆ. "ಬೇಡ ಅಂದ್ರೆ ಕಿತ್ತಾಕ್ಲಿ."

ಟ್ರೆಂಟ್ ಉಳಿ ತೆಗೆದುಕೊಂಡು ಒಳಗೆ ಹೋದ. ರೆನ್ಸೊ ಅವನ ಕೈಗೊಂದು ಏಟು ಕೊಟ್ಟ.

"ಮುಟ್ಟೀಯ, ಜೋಕೆ! ಮಿಕ್ಕಿದ್ದೆಲ್ಲ ಊರವರದು. ಇದು ಕೈಗೆ ಸಿಕ್ರೆ ನಮ್ಮನೆ ಬಂತು ಅಂತ ಗೊತ್ತಾಗತ್ತೆ" ಎಂದು, ಯಾರ ಕೈಯನ್ನೂ ಹಿಡಿಯದೆ, ನಲ್ಲಿ ತಿರುಗಿಸಿದ.