ರಕ್ತಪಿಶಾಚಿಗೂ ಸುಸ್ತಾಗುತ್ತದೆ

ಶ್ರೀರಾಂಪುರದ ಲಕ್ಷ್ಮೀಶನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡುವ ವಿದ್ಯೆ ಒಲಿದು ವರ್ಷಗಳೇ ಆಗಿದ್ದವು. ಮಗಳು ಧನುಶ್ರೀ ಎಳೆಗೂಸಾಗಿದ್ದಾಗಲೇ ಅವಳಿಗೆ ಥಲಸ್ಸೀಮಿಯಾ ಇದೆಯೆಂದು ಗೊತ್ತಾಗಿತ್ತು. ಬೇಕಾದಷ್ಟು ರಕ್ತವನ್ನು ಅವಳ ಮೈ ತಾನೇ ಮಾಡಿಕೊಳ್ಳಲಾರದು. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಲೇಬೇಕು. ಹಬ್ಬವಿರಲಿ, ನೆಂಟರ ಮದುವೆಯಿರಲಿ, ಆ ದಿನ ಬಂತೆಂದರೆ ಸರ್ಕಾರಿ ಕಚೇರಿಯ ಗುಮಾಸ್ತ ಲಕ್ಷ್ಮೀಶ ರಜೆ ಹಾಕಿ, ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚಾಮರಾಜಪೇಟೆಯ ಆಸ್ಪತ್ರೆಗೆ ಹೊರಡುತ್ತಿದ್ದ. ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದ ಹೆಂಡತಿ ಜ್ಯೋತಿಲಕ್ಷ್ಮಿ ಡಬ್ಬಿಗೆ ಚಿತ್ರಾನ್ನ ತುಂಬಿ ಕೊಡುತ್ತಿದ್ದಳು. ಈಚೆಗೆ ಮೂವರೂ ಮಾತು ಕಮ್ಮಿ ಮಾಡಿದ್ದರು. ಹೇಳುವುದೆಲ್ಲ ಎಂದೋ ಹೇಳಿ ಮುಗಿದಿತ್ತು.

ಈಗ ಧನುಶ್ರೀ ಮಲ್ಲೇಶ್ವರದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಆ ಏಪ್ರಿಲ್‌ನಲ್ಲಿ ರಕ್ತ ಸಿಗುವುದು ತಡವಾಯಿತು. ಬೇಸಿಗೆಯಲ್ಲಿ ದಾನಿಗಳು ಊರಲ್ಲೇ ಇರುವುದಿಲ್ಲ. ಲಕ್ಷ್ಮೀಶ ಗೊತ್ತಿದ್ದವರಿಗೆಲ್ಲ ಫೋನು ಮಾಡಿ, ಕೊನೆಗೆ ಆಫೀಸಿನ ಸತೀಶ್ ಬಂದು ರಕ್ತನಿಧಿಗೆ ಬದಲಿ ರಕ್ತ ಕೊಟ್ಟ ಮೇಲೆ, ಮಧ್ಯಾಹ್ನದ ಹೊತ್ತಿಗೆ ಮಗಳ ಮಂಚದ ಪಕ್ಕ ಚೀಲ ತೂಗುಬಿತ್ತು.

"ಅಪ್ಪ, ಮಲ್ಕೋಬೇಡ. ನನ್ ಸೆಮಿನಾರ್ ಒಂಚೂರು ಕೇಳಿಸ್ಕೋ," ಎಂದಳು ಧನುಶ್ರೀ.

"ಏನ್ ಟಾಪಿಕ್ಕು?"

"ವ್ಯಾಂಪೈರ್. ರಕ್ತಪಿಶಾಚಿ. ನಿಜವಾಗ್ಲೂ ಅಂಥ ಪ್ರಾಣಿ ಇದ್ದಿದ್ರೆ ಅದರ ಮೈ ಹೆಂಗಿರ್ಬೇಕಿತ್ತು ಅಂತ."

ಲಕ್ಷ್ಮೀಶ ಮಗಳ ಕಡೆ ತಿರುಗಿದ. ಸ್ಕೂಲಿನಲ್ಲಿ ಯಾರೋ ಅದೇ ಹೆಸರಿಟ್ಟು ಕರೆದರೆಂದು ಅವಳು ಅತ್ತುಕೊಂಡು ಬಂದದ್ದುಂಟು. "ಬೇರೆ ಸಿಗ್ಲಿಲ್ವಾ ನಿಂಗೆ?"

"ನಾನೇ ಕೇಳಿ ಇಸ್ಕೊಂಡೆ. ಕೇಳು. ರಕ್ತ ಅಂದ್ರೆ ಮುಕ್ಕಾಲು ಪಾಲು ನೀರು. ಕೊಬ್ಬು, ಸಕ್ಕರೆ ಏನೂ ಇಲ್ಲ ಅನ್ನೋಷ್ಟು ಕಮ್ಮಿ. ಮನುಷ್ಯನಷ್ಟು ದೊಡ್ಡ ಪ್ರಾಣಿ ಅದೊಂದರಲ್ಲೇ ಬದುಕ್ಬೇಕು ಅಂದ್ರೆ ದಿನಾ ಲೀಟರ್‌ಗಟ್ಲೆ ಕುಡೀಬೇಕು. ದಕ್ಷಿಣ ಅಮೆರಿಕಾದಲ್ಲಿ ರಕ್ತ ಕುಡಿಯೋ ಬಾವಲಿ ಇದೆಯಲ್ಲ, ಅದು ಕುಡೀತಾ ಕುಡೀತಾನೇ ಉಚ್ಚೆ ಹುಯ್ಯತ್ತೆ. ಇಲ್ದಿದ್ರೆ ಭಾರಕ್ಕೆ ಹಾರಕ್ಕೇ ಆಗಲ್ಲ."

ಹನಿಯ ವೇಗ ನೋಡಲು ಬಂದ ನರ್ಸ್ ಅಂಜಮ್ಮ ಕಿಸಕ್ಕನೆ ನಕ್ಕು ಹೋದರು.

"ಸಿನಿಮಾದಲ್ಲಿ ತೋರಿಸೋ ಹಂಗೆ ಕೋಟು ಹಾಕ್ಕೊಂಡು ಮೆರೆಯೋಕೆ ಅದಕ್ಕೆಲ್ಲಿಂದ ಬರ್ಬೇಕು ಶಕ್ತಿ? ನನ್ ಪ್ರಕಾರ ಅದು ಬಿದ್ಕೊಂಡೇ ಇರತ್ತೆ. ಯಾವಾಗ್ಲೂ ಸುಸ್ತು."

"ಆಮೇಲೆ?"

"ಆಮೇಲೆ ಕಬ್ಬಿಣ." ಅವಳ ದನಿ ಇಳಿಯಿತು. "ರಕ್ತದ ಜೊತೆ ಒಳಗೆ ಹೋದ ಕಬ್ಬಿಣಾನ ಹೊರಗೆ ಹಾಕೋಕೆ ನಮ್ ಮೈಗೆ ದಾರಿ ಇಲ್ಲ. ಬಾವಲಿಗೆ ಒಂದು ಉಪಾಯ ಇದೆ. ಅದರ ಕರುಳಿನ ಒಳಪದರ ಕಬ್ಬಿಣಾನ ಹಿಡ್ಕೊಂಡು ಉದುರಿ ಹೋಗತ್ತೆ. ಮನುಷ್ಯನ ಥರದ ಪಿಶಾಚಿಗೆ ಅದಿಲ್ಲ ಅಂದ್ಕೋ. ಲಿವರ್‌ನಲ್ಲಿ, ಹಾರ್ಟ್‌ನಲ್ಲಿ ಕೂತ್ಕೊಂತಾ ಹೋಗತ್ತೆ. ಅದನ್ನ ಸಾಯಿಸೋಕೆ ಬಿಸಿಲೂ ಬೇಡ, ಎದೆಗೆ ಗೂಟ ಹೊಡೆಯೋದೂ ಬೇಡ. ಒಂದಿನ ಹಾರ್ಟೇ ನಿಂತೋಗತ್ತೆ. ಪಾಪ, ಅದಕ್ಕೂ ಬಿಡುಗಡೆ."

ಕೊನೆಯ ಮಾತಿಗೆ ಲಕ್ಷ್ಮೀಶನ ತೂಕಡಿಕೆ ಪೂರ್ತಿ ಬಿಟ್ಟುಹೋಯಿತು. ಕಬ್ಬಿಣದ ಈ ಕಥೆ ಅವನಿಗೆ ಬಾಯಿಪಾಠ. ಏರಿಸಿದ ಪ್ರತಿ ಚೀಲದೊಡನೆ ಮಗಳ ಮೈಗೂ ಕಬ್ಬಿಣ ಸೇರುತ್ತಿತ್ತು. ಅದನ್ನು ಕಳೆಯಲೆಂದೇ ಅವಳು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆಯನ್ನು ನೀರಿಗೆ ಕದಡಿ ಕುಡಿಯಬೇಕಿತ್ತು. ಮೊದಲೆಲ್ಲ ಜ್ಯೋತಿಲಕ್ಷ್ಮಿ ಎದುರು ನಿಂತು ಕುಡಿಸುತ್ತಿದ್ದಳು. ಮಗಳು ದೊಡ್ಡವಳಾದಳೆಂದು ಈಚೆಗೆ ಅವಳಿಗೇ ಬಿಟ್ಟಿದ್ದರು.

"ಧನು, ಮಾತ್ರೆ ತಗೋತಿದೀಯ ತಾನೇ?"

ಅವಳು ಸೂಜಿ ಚುಚ್ಚಿದ ಕೈಯನ್ನೇ ನೋಡುತ್ತಿದ್ದಳು. "ಸಂಕ್ರಾಂತಿ ಆದ್ಮೇಲೆ ಇಲ್ಲ. ಸಿಂಕಿಗೆ ಸುರೀತಿದೀನಿ."

ಕೂಗಾಡಬೇಕೆಂದು ಬಾಯಿ ತೆರೆದ. ಕೇಳಿದ್ದು ಮಾತ್ರ ಇಷ್ಟೇ, "ಯಾಕಮ್ಮ?"

"ಸಾಕಾಗೋಗಿದೆ ಅಪ್ಪ. ಬಳಪ ಅರೆದು ಕುಡಿದಂಗಿರತ್ತೆ. ಕಾಲೇಜ್ ತನಕ ವಾಕರಿಕೆ. ಇಷ್ಟೆಲ್ಲಾ ಮಾಡಿದ್ರೂ ಮತ್ತೆ ಮೂರು ವಾರಕ್ಕೆ ಇದೇ ಮಂಚ. ನೀನೂ ಅಮ್ಮಾನೂ ನನ್ನಿಂದ ಅರ್ಧ ಆಗೋಗಿದೀರ. ನಿಮ್ ರಕ್ತ ಹೀರ್ತಿರೋದು ನಾನೇ ಅನ್ಸತ್ತೆ."

ಹಾಗನ್ನಬಾರದು, ಎಲ್ಲಾ ಸರಿಹೋಗುತ್ತೆ ಎನ್ನುವ ಹಳೆಯ ಮಾತುಗಳು ನಾಲಿಗೆಯ ತುದಿಗೆ ಬಂದವು. ಅವನಿಗೇ ಅವು ಬೇಡವಾದವು.

"ನಂಗೂ ಸುಸ್ತಾಗಿದೆ ಕಣೇ," ಎಂದ. ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ತುಂಬಾ ಸುಸ್ತಾಗಿದೆ. ಒಂದೊಂದ್ಸಲ ಗಾಡಿ ತಿರುಗಿಸ್ಕೊಂಡು ಎಲ್ಲಾದ್ರೂ ಹೊರಟೋಗೋಣ ಅನ್ಸತ್ತೆ. ಆದ್ರೆ ಹಿಂದೆ ನೀನು ಕೂತಿಲ್ದೆ ನಾನು ಎಲ್ಲಿಗೋಗ್ಲಿ, ಹೇಳು?"

ಧನುಶ್ರೀ ಮುಖ ಆ ಕಡೆ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಲಕ್ಷ್ಮೀಶ ಅವಳ ಪಾದ ಹಿಡಿದುಕೊಂಡು ಕೂತ. ಕೊನೆಗೆ ಅವಳೇ, "ಡಾಕ್ಟರಿಗೆ ಹೇಳು ಹೋಗು," ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣ ತೀರಾ ಏರಿತ್ತು; ಹೃದಯದ ಸ್ಕ್ಯಾನ್‌ನಲ್ಲಿ ಮಾತ್ರ ಇನ್ನೂ ಏನೂ ತೊಂದರೆ ಕಾಣಲಿಲ್ಲ. ತಿಂಡಿಯ ಜೊತೆ ನುಂಗಬಹುದಾದ ಬೇರೆ ಮಾತ್ರೆ ಬರೆದುಕೊಟ್ಟು, "ವಾಕರಿಕೆ ಬರತ್ತೆ ಅಂತ ಮೊದಲೇ ಹೇಳಬಾರದಿತ್ತೇನಮ್ಮ?" ಎಂದರು.

ಸಂಜೆ ವಿಷಯ ಕೇಳಿ ಜ್ಯೋತಿಲಕ್ಷ್ಮಿ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟುಕೊಂಡಳು. "ಬೈಯೋಕೂ ತ್ರಾಣ ಇಲ್ಲ ನಂಗೆ," ಎಂದಳು. ಆಮೇಲೆ ಎದ್ದು ಹೋಗಿ ಮೂರು ಲೋಟ ಕಾಫಿ ಮಾಡಿಕೊಂಡು ಬಂದಳು. ಆ ದಿನ ಮೂವರೂ ನೆಲದ ಮೇಲೆ ಕೂತು ಬಹಳ ದಿನಗಳ ನಂತರ ಮಾತಾಡಿದರು. ಯಾರಿಗೆ ಯಾವಾಗ ಹೆಚ್ಚು ಬೇಸರವಾಗುತ್ತದೆ ಎಂಬುದೇ ಮಾತು.

ಸೆಮಿನಾರಿನ ದಿನ ಲಕ್ಷ್ಮೀಶ ಕಾಲೇಜಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಬಿಡುಗಡೆಯ ಮಾತನ್ನು ಮಗಳು ತೆಗೆದುಹಾಕಿದ್ದಳು. ಅದರ ಬದಲು, ಎರಡು ಮೂರು ರಾತ್ರಿ ರಕ್ತ ಸಿಗದಿದ್ದರೆ ಬಾವಲಿ ಸಾಯುತ್ತದೆ, ಹಾಗಾಗಿ ಹೊಟ್ಟೆ ತುಂಬಿದ ಬಾವಲಿ ಹಸಿದದ್ದಕ್ಕೆ ತಾನು ಕುಡಿದದ್ದನ್ನೇ ಕಕ್ಕಿ ಕೊಡುತ್ತದೆ ಎಂದು ಹೇಳಿದಳು. ರಕ್ತಪಿಶಾಚಿ ಇದ್ದರೂ ಒಂಟಿಯಾಗಿ ಕೋಟೆಯಲ್ಲಿ ಬದುಕುವ ಹಾಗಿಲ್ಲ, ಅದಕ್ಕೊಂದು ಗುಂಪು ಬೇಕು ಎಂದಳು.

"ದಿನಾ ಕೊಟ್ಟೂ ಕೊಟ್ಟೂ ಕೊಡೋವಕ್ಕೆ ಸಾಕಾಗಲ್ವಾ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ಆಗತ್ತೆ ಅನ್ಸತ್ತೆ," ಎಂದಳು ಧನುಶ್ರೀ. "ಆದ್ರೂ ಕೊಡ್ತಾವೆ."

ಆಷಾಢದ ಹೊತ್ತಿಗೆ ಕಬ್ಬಿಣ ಒಂದಿಷ್ಟು ಇಳಿದಿತ್ತು. ಖುಷಿಪಡುವಷ್ಟೇನಲ್ಲ. ಹೀಗೇ ಮುಂದುವರಿಸಿ ಎಂದರು ಡಾಕ್ಟರಮ್ಮ.