ಟೈಲರ್ ಅತ್ತೆಯ ಮುಂದಿನ ಹಲ್ಲು

ನಮ್ಮ ಬೀದಿಯ ಟೈಲರ್ ಅತ್ತೆ ನಕ್ಕರೆ ಆಚೆ ಮನೆಯವರೂ ಏನೆಂದು ತಿಳಿಯದೆ ನಗುತ್ತಿದ್ದರು. ಅಂಥವರು ಈಗೀಗ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದ್ದರು. ಮುಂದಿನ ಹಲ್ಲಿನ ತುದಿ ಮುರಿದಿತ್ತು. ಡಾಕ್ಟರು ಅಲ್ಲಿಗೆ ತುಂಬಿಸಿದ್ದ ಸಿಮೆಂಟೂ ಉದುರಿಹೋಗಿತ್ತು. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದ ಅತ್ತೆಯ ಸೊಸೆಗೆ ಇದನ್ನು ನೋಡಲಾಗುತ್ತಿರಲಿಲ್ಲ. ಅತ್ತೆಯ ಆ ನಗು ಕೇಳಿಯೇ ಅವಳು ಈ ಮನೆಯನ್ನು ಒಪ್ಪಿದ್ದು!

"ಕೀಳಿಸಿಬಿಡೋಣ ಬಿಡು. ತುಂಬಿಸಿದ್ದು ನಿಲ್ಲಲ್ಲ ಅಂತ ಗೊತ್ತಾಯ್ತಲ್ಲ," ಎನ್ನುತ್ತಲೇ ಅತ್ತೆ ಗುಂಡಿ ಹೊಲಿದು ಮುಗಿಸಿ, ಅದೇ ಹಲ್ಲಿನಿಂದ ಕಟಕ್ಕನೆ ದಾರ ಕಡಿದರು.

ಸೊಸೆ ಹಣೆ ಚಚ್ಚಿಕೊಂಡಳು. "ಅತ್ತೇ! ಕತ್ತರಿ ಎಲ್ಲಿ?"

"ಬಟ್ಟೆ ರಾಶೀಲಿ ಎಲ್ಲೋ ಇದೆ. ಹುಡುಕೋ ಹೊತ್ತಿಗೆ ಇನ್ನೊಂದು ಗುಂಡಿ ಹೊಲೀತೀನಿ."

"ಹಲ್ಲಿರೋದು ಊಟಕ್ಕೆ, ನಿಮ್ಮ ನಗೂಗೆ. ದಾರ ಕಡಿದೂ ಕಡಿದೂ ನೀವೇ ಉದುರಿಸಿದ್ದೀರಿ! ಬೇರು ಗಟ್ಟಿ ಇದ್ರೆ ಮತ್ತೆ ತುಂಬಿಸಬಹುದು. ಕಿತ್ತ ಹಲ್ಲು ತಿರುಗಿ ಬರಲ್ಲ ಅತ್ತೆ."

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಬೇರು ಚೆನ್ನಾಗಿದೆ, ಕೀಳುವುದು ಬೇಡ ಎಂದರು. ಸೊಸೆ ತುಟಿಯೊಳಗೆ ಹತ್ತಿ ಇಟ್ಟು, ಎಂಜಲು ಎಳೆಯುವ ಕೊಳವೆ ಹಿಡಿದು ನಿಂತಳು. ಡಾಕ್ಟರು ಹಲ್ಲಿಗೆ ಅಂಟು ಸವರಿದರು. ಅತ್ತೆಗೆ ಸುಮ್ಮನಿದ್ದು ಅಭ್ಯಾಸವಿದ್ದರೆ ತಾನೆ?

"ನಮ್ಮ ಸೊಸೆ ಕೈ ಎಷ್ಟು ಮೆತ್ತಗೆ ನೋಡಿ ಡಾಕ್ಟ್ರೇ," ಎಂದು ಹತ್ತಿಯ ನಡುವಿನಿಂದಲೇ ತೊದಲಿದರು.

"ಡಾಕ್ಟ್ರೇ, ಸ್ವಲ್ಪ ನಿಲ್ಲಿ. ಹಲ್ಲು ಒದ್ದೆ ಆಯ್ತು," ಎಂದಳು ಸೊಸೆ.

"ಹೇಳಿದ್ದು ಒಳ್ಳೇದಾಯ್ತು," ಎಂದು ಡಾಕ್ಟರು ತೊಳೆದು, ಒಣಗಿಸಿ, ಮತ್ತೆ ಅಂಟಿನಿಂದ ಶುರುಮಾಡಿದರು. ಅತ್ತೆ ಪಿಳಿಪಿಳಿ ಕಣ್ಣುಬಿಟ್ಟರು.

"ಕಾಲರು ಗಟ್ಟಿ ನಿಲ್ಲಲಿ ಅಂತ ಒಳಗೆ ಕ್ಯಾನ್ವಾಸ್ ಬಟ್ಟೆ ಅಂಟಿಸ್ತೀರಲ್ಲ, ಒದ್ದೆ ಕಾಲರಿಗೆ ಅಂಟಿಸ್ತೀರಾ ಅತ್ತೆ? ಇದೂ ಹಾಗೇ. ಎಂಜಲು ತಾಗಿದ್ರೆ ಹಿಡಿಯಲ್ಲ."

ಅದು ಅತ್ತೆಗೆ ಥಟ್ಟನೆ ಅರ್ಥವಾಯಿತು. ಬಾಯಿ ತೆರೆದುಕೊಂಡೇ ಮೌನವ್ರತ ಹಿಡಿದರು. ಡಾಕ್ಟರು ಹದವಾಗಿ ತುಂಬಿಸಿ, ನೀಲಿ ಬೆಳಕು ಹಿಡಿದು ಗಟ್ಟಿಮಾಡಿದರು. ಬಣ್ಣದ ಕಾಗದ ಕಚ್ಚಿಸಿ, ಗುರುತು ನೋಡಿ, ಎದುರು ಹಲ್ಲಿಗೆ ಎಲ್ಲಿ ಹೆಚ್ಚು ತಗಲುತ್ತಿದೆಯೋ ಅಷ್ಟನ್ನು ಉಜ್ಜಿ ನಯಮಾಡಿದರು.

ಸಂಜೆ ಮನೆಗೆ ಬಂದು ನೋಡಿದರೆ, ಹೊಲಿಗೆ ಯಂತ್ರಕ್ಕೆ ಲಾಡಿಯಿಂದ ಕಟ್ಟಿದ ಪುಟ್ಟ ಕತ್ತರಿಯೊಂದು ನೇತಾಡುತ್ತಿತ್ತು. ಬೆಳಿಗ್ಗೆಯೇ ಸೊಸೆ ಕಟ್ಟಿಟ್ಟು ಹೋಗಿದ್ದಳು.

"ಕತ್ತರಿ ಕಟ್ಟಿದ್ಯೋ, ನನ್ನನ್ನೇ ಕಟ್ಟಿಹಾಕಿದ್ಯೋ!" ಎಂದು ಅತ್ತೆ ಗಹಗಹಿಸಿ ನಕ್ಕರು. ಕೈ ಬಾಯಿಗೆ ಹೋಗಲಿಲ್ಲ. ಆಚೆ ಮನೆಯಲ್ಲೂ ಯಾರೋ ನಕ್ಕರು.

ಹಲ್ಲಿನ ಆಸ್ಪತ್ರೆಗಳಲ್ಲಿ ಸಹಾಯಕರಾಗಿರುವ ತಂಗಿಯರೇ, ತಮ್ಮಂದಿರೇ, ತುಂಬಿಸುವಾಗ ಹಲ್ಲು ಒದ್ದೆಯಾದರೆ ಸಂಕೋಚಪಡದೆ ಬಾಯಿಬಿಟ್ಟು ಹೇಳಿ. ತುಂಬಿಸಿಕೊಂಡವರು ಮನೆಗೆ ಹೊರಡುವ ಮುನ್ನ, ಹಲ್ಲಿನಿಂದ ಏನೇನು ಕಡಿಯುತ್ತೀರಿ ಎಂದು ಒಂದು ಮಾತು ಕೇಳಿ. ಇನ್ನು ಹಲ್ಲು ಮುರಿದುಕೊಂಡವರೇ, ಕೀಳಿಸುವ ಮೊದಲು "ಉಳಿಸೋಕೆ ಆಗುತ್ತಾ?" ಎಂದು ಡಾಕ್ಟರನ್ನು ಕೇಳಿ. ನಿಮ್ಮ ನಗುವಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿದ್ದಾರೆ.